ಬದುವಿನ ಮೇಲೆ ಅಕ್ಕ

ಅಕ್ಕ ತೀರಿಕೊಂಡ ಮೇಲೆ ಭಾವ ಕುರುಗೋಡಿನಿಂದ ಫೋನ್ ಮಾಡಿದರು. "ಹನ್ನೊಂದನೇ ದಿನಕ್ಕ ಅಕಿದೊಂದು ಫೋಟೋ ಬೇಕವ್ವ. ಆಧಾರ ಕಾರ್ಡಿನಾಗಿನದು ಬ್ಯಾಡ, ಹೆದರಿದಂಗ ಕಾಣ್ತಾಳ. ನೀ ಕ್ಯಾಮೆರಾ ಹಿಡ್ಕೊಂಡು ತಿರಗಾಕಿ, ನಿನ್ನ ಹತ್ರ ಇದ್ದೇ ಇರ್ತಾವ."

ನನ್ನ ಹತ್ತಿರ ಇದ್ದವು ಕಾಲುವೆಗಳು, ಬಂಡೆಗುಡ್ಡಗಳು, ಗದ್ದೆಗಳು. ಜನ ದಾಟಿಹೋಗುವವರೆಗೆ ಕಾಯುವುದು ನನ್ನ ರೂಢಿ. ಚೌಕಟ್ಟಿನಲ್ಲಿ ಒಂದೇ ಒಂದು ವಸ್ತು ಸಾಕು, ಉಳಿದದ್ದು ಖಾಲಿ ಇರಬೇಕು. ಅಕ್ಕ ಇದ್ದದ್ದು ಒಂದೇ ಚಿತ್ರದಲ್ಲಿ. ಅವತ್ತು ನನ್ನ ಜೊತೆ ಸಿರುಗುಪ್ಪದ ಕಡೆ ಬಂದಿದ್ದಳು. ನಾಟಿ ಮಾಡುವ ಹೆಂಗಸರ ಸಾಲು ಚೌಕಟ್ಟಿನಾಚೆ ಸರಿದಿದೆ. ಬದುವಿನ ಮೇಲೆ ಅವಳೊಬ್ಬಳೇ, ದೂರದಲ್ಲಿ, ನನಗೆ ಬೆನ್ನು ಮಾಡಿ. ಕೆಳಗೆ ನೀರು, ಮೇಲೆ ಬಿಳಿ ಆಕಾಶ. ನಾನೇ ಅಲ್ಲಿ ನಿಲ್ಲಿಸಿದೆನೋ, ಅವಳೇ ಹೋಗಿ ನಿಂತಳೋ? ಡೈರಿಯಲ್ಲಿ ಬೆಳಕು ಚೆನ್ನಾಗಿತ್ತು ಎಂದಷ್ಟೇ ಇದೆ. 'ಈ ಕಡೆ ತಿರುಗು' ಎಂದು ಕೂಗಿದ ನೆನಪಿದೆ. ಅದು ಈಚೆಗೆ ಹುಟ್ಟಿದ ನೆನಪೂ ಇರಬಹುದು.

ಬಳ್ಳಾರಿಯ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಅದನ್ನು ಹಿಗ್ಗಿಸಿ ನೋಡಿದ. "ಮುಖ ಎಲ್ಲೈತ್ರೀ ಮೇಡಂ? ಬೆನ್ನಿಗೆ ಹಾರ ಹಾಕ್ತೀರೇನು?"

ತೀರಿಹೋದವರದು ಎಂದೆ. ದನಿ ತಗ್ಗಿಸಿದ. "ದೊಡ್ಡದು ಮಾಡಿದ್ರ ಚುಕ್ಕಿ ಚುಕ್ಕಿಯಾಗಿ ಒಡೀತೈತ್ರಿ. ಹಿಂದ ಜಲಪಾತದ ಸೀನರಿ ಹಾಕಿ ಕೊಡ್ಲೇನು? ಎಲ್ಲಾರೂ ಅದನ್ನ ಕೇಳ್ತಾರ."

"ಬೇಡ, ಇದ್ದ ಹಾಗೇ ಇರಲಿ."

ಅಳು ಬರಲಿಲ್ಲ. ಫೋಟೋಕ್ಕೆ ಹಾಕುವ ಕಟ್ಟಿಗೆಯ ಚೌಕಟ್ಟು ಯಾವ ಬಣ್ಣ ಎಂದು ಕೇಳಿದಾಗ ತಡವರಿಸದೆ ಕಪ್ಪು ಎಂದೆ.

ಹನ್ನೊಂದನೇ ದಿನ ಕುರುಗೋಡಿನ ಮನೆಯಲ್ಲಿ ಅದನ್ನು ಕುರ್ಚಿಯ ಮೇಲಿಟ್ಟರು. ಭಾವ ಬಗ್ಗಿ ನೋಡಿದರು. "ಅಕೀನೇ ಹೌದಲ್ಲ?"

"ಹೌದು ಭಾವ."

ಭಾವನ ತಾಯಿ ಕುಂಕುಮದ ಬಟ್ಟಲು ತಂದರು. ಗಂಡ ಇರುವಾಗಲೇ ಹೋದವಳ ಫೋಟೋಕ್ಕೆ ಆ ಮನೆಯಲ್ಲಿ ಮೊದಲು ಹಣೆಗೆ ಕುಂಕುಮ ಇಡುತ್ತಾರೆ. ಆಮೇಲೆ ಹಾರ. ಅವರ ಬೆರಳು ಗಾಜಿನ ಮುಂದೆ ಹಾಗೇ ನಿಂತಿತು.

"ಹಣಿ ಎಲ್ಲೈತಲೇ ಇದ್ರಾಗ?" ಎಂದು ಮಗನನ್ನೇ ಗದರಿದರು. "ಮುತ್ತೈದಿ ಹೋಗ್ಯಾಳ, ಕುಂಕುಮ ಇಡದಂಗ ಹೆಂಗ ಬಿಡ್ಲಿ?"

"ಅಕಿ ಮ್ಯಾಲ ಇಡವ್ವ. ಎಲ್ಲಿಟ್ರೂ ಅಕಿಗೇ."

ಅವರು ಒತ್ತಿ ಇಟ್ಟರು. ಬೆರಳ ತುದಿ ಅಕ್ಕನಿಗಿಂತ ದೊಡ್ಡದಿತ್ತು. ಅವಳಿದ್ದ ಜಾಗದಲ್ಲಿ ಈಗ ಕೆಂಪು ಬೊಟ್ಟು. ಸುತ್ತ ನೀರು ಮತ್ತು ಆಕಾಶ. ಚಿತ್ರ ಮೊದಲಿಗಿಂತ ಚೊಕ್ಕಟವಾಗಿದೆ ಎಂದು ನನಗೆ ಅನ್ನಿಸಿತು. ಬೇರೇನೂ ಅನ್ನಿಸಲಿಲ್ಲ.

ಭಾವ ಹಾರ ಹಾಕಿ, ಸ್ವಲ್ಪ ಹೊತ್ತು ಆ ಬೊಟ್ಟನ್ನೇ ನೋಡಿದರು. "ಆತು. ಎಲಿ ಹಾಕ್ರಿ" ಎಂದರು. ನಾನು ಎಲೆ ಹಾಕಲು ಎದ್ದೆ.