ಒಗೆಯದ ಸೀರೆ

ವಿನೋಬನಗರದ ನಮ್ಮ ಬೀದಿಯ ಶಿಶುವಿಹಾರಕ್ಕೆ, ಮಕ್ಕಳನ್ನು ನೋಡಿಕೊಳ್ಳುವ ಆಯಾ ಒಬ್ಬರು ದಿನವೂ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೂರು ವರ್ಷದ ನನ್ನ ಮಗಳು ಅಲ್ಲಿ ಮಲಗದೆ ಅಳುತ್ತಿದ್ದಾಗ, ನನ್ನದೊಂದು ಹಳೆಯ ಸೀರೆ ಕೇಳಿದರು. ನಾನು ಒಗೆದು, ಇಸ್ತ್ರಿ ಮಾಡಿಸಿ ಕೊಟ್ಟೆ. ಮೂಸಿ ನೋಡಿ ವಾಪಸು ಕೊಟ್ಟರು.

"ಇದ್ರಲ್ಲಿ ನೀವೇ ಇಲ್ಲ ಮೇಡಂ. ಒಂದಿನ ಉಟ್ಕೊಂಡು, ಒಗೀದೆ ತನ್ನಿ."

ಆಮೇಲೆ ಮಗಳು ಮಲಗತೊಡಗಿದಳು. ಕರೆತರಲು ಹೋದಾಗಲೆಲ್ಲ ನಾನು, "ಇವತ್ತೇನ್ ಕಲಿತ್ಲು?" ಎನ್ನುತ್ತಿದ್ದೆ. ಅವರದು ಒಂದೇ ಉತ್ತರ: "ಚೆನ್ನಾಗಿ ನಿದ್ದೆ ಮಾಡಿದ್ಲು ಮೇಡಂ."

ಎದುರುಮನೆಯ ಮಗು ಆಗಲೇ ಎಬಿಸಿಡಿ ಬರೆಯುತ್ತಿತ್ತು. ಮಲಗಿಸಿದ್ದು ಸಾಕು, ಏನಾದರೂ ಕಲಿಸಿ ಎಂದು ಖಡಾಖಂಡಿತವಾಗಿ ಹೇಳಿಯೇಬಿಡಬೇಕೆಂದು ಒಂದು ಮಧ್ಯಾಹ್ನ ಹೋದೆ.

ಪರದೆಯ ಹಸಿರು ನೆರಳಲ್ಲಿ ಮಕ್ಕಳೆಲ್ಲ ತಮ್ಮತಮ್ಮ ಅಮ್ಮಂದಿರ ಸೀರೆ ಹೊದ್ದು ಮಲಗಿದ್ದರು. ಒಗ್ಗರಣೆ, ಪೌಡರು, ಬಾಡಿದ ಮಲ್ಲಿಗೆ. ಹತ್ತು ಮನೆಗಳು ಒಂದೇ ಕೋಣೆಯಲ್ಲಿ ಉಸಿರಾಡುತ್ತಿದ್ದವು. ಆಯಾ ತುಟಿಯ ಮೇಲೆ ಬೆರಳಿಟ್ಟು, ಮಗಳ ಪಕ್ಕದ ಚಾಪೆ ತೋರಿಸಿದರು. ಕೂತೆ. ಅವರು ಯಾವುದೋ ಮಗುವಿನ ಬೆನ್ನು ತಟ್ಟುತ್ತಲೇ ಇದ್ದರು.

ಎಚ್ಚರವಾದಾಗ ಮಕ್ಕಳು ಹೊರಗೆ ಆಡುತ್ತಿದ್ದರು. ನನ್ನದೇ ಸೀರೆಯನ್ನು ನನಗೆ ಹೊದಿಸಿದ್ದರು.

ಸಂಜೆ ನಮ್ಮವರು ಕೇಳಿದರು, "ಹೋಗಿದ್ಯಲ್ಲ, ಏನಾಯ್ತು?"

"ಚೆನ್ನಾಗಿ ನಿದ್ದೆ ಮಾಡ್ದೆ," ಎಂದೆ.