ನಾಲ್ಕನೇ ಸರ್ವರಿಗೆ ಅಂಟಿದವರು

ಅಕ್ಕನ ಮಗಳಿಗೆ ನರ್ಸಿಂಗ್ ಸೀಟು ಸಿಗದಿದ್ದರೆ ಈ ವರ್ಷವೇ ಮದುವೆ ಎಂದು ಭಾವ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು. ಕೊನೆಯ ಸುತ್ತು, ಕೊನೆಯ ದಿನ, ಸಂಜೆ ಐದಕ್ಕೆ ಅರ್ಜಿಯ ಗಡುವು. ಆ ಅರ್ಜಿ ತುಂಬುವ ವೆಬ್‌ಸೈಟಿನ ಸರ್ವರ್‌ಗಳನ್ನು ನೋಡಿಕೊಳ್ಳುವುದು, ನನ್ನ ಕರ್ಮಕ್ಕೆ, ನನ್ನದೇ ಕೆಲಸ. ಊರಿಗಾಂನ ಮನೆಯಲ್ಲಿ ಕೂತೇ ಅವನ್ನು ಕಾಯುತ್ತೇನೆ. ಅಕ್ಕ ಕ್ಯಾಸಂಬಳ್ಳಿಯಲ್ಲಿ ಬೆಳಗಿನ ಹಾಲು ಡೇರಿಗೆ ಹಾಕಿ, ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂಗಾರಪೇಟೆಯ ಇಂಟರ್ನೆಟ್ ಅಂಗಡಿಗೆ ಹೋಗಿದ್ದಳು. ಸುತ್ತಲಿನವರೆಲ್ಲ ಹೋಗುವುದು ಅಲ್ಲಿಗೇ.

ಊಟದ ಹೊತ್ತಿಗೆ ದೂರುಗಳು ಶುರುವಾದವು. ಕೆಲವರಿಗೆ ಸೈಟು ಸರಾಗ, ಕೆಲವರಿಗೆ ಸುತ್ತುತ್ತಲೇ ಇದೆ. ನಮ್ಮವು ಆರು ಸರ್ವರ್‌ಗಳು; ಮುಂದೆ ನಿಂತು ಬಂದವರನ್ನು ಅವುಗಳಿಗೆ ಹಂಚಿ ಕಳಿಸುವುದು ಲೋಡ್ ಬ್ಯಾಲೆನ್ಸರ್. ಪರದೆಯಲ್ಲಿ ನೋಡಿದರೆ ಆರೂ ಹಸಿರು, ಅಂದರೆ ಎಲ್ಲ ಸರಿಯಿವೆ. ಹುಡುಕಿ ಹುಡುಕಿ ತಲೆ ಕೆಟ್ಟ ಮೇಲೆ ಸಿಕ್ಕಿತು: ನಾಲ್ಕನೆಯದು ಡೇಟಾಬೇಸಿನ ಉತ್ತರಕ್ಕೆ ಕಾಯುತ್ತ ಉಸಿರುಗಟ್ಟಿ ಕೂತಿತ್ತು. ಬ್ಯಾಲೆನ್ಸರ್ ಕೇಳುವುದು 'ಇದ್ದೀಯಾ' ಎಂದಷ್ಟೇ. ಸಾಯುತ್ತಿರುವವನೂ ಅದಕ್ಕೆ 'ಇದ್ದೀನಿ' ಅನ್ನುತ್ತಾನೆ. ಹಾಗಾಗಿ ಜನರನ್ನು ಅಲ್ಲಿಗೆ ಕಳಿಸುತ್ತಲೇ ಇತ್ತು.

ಇನ್ನೊಂದು ಪೀಡೆಯೂ ಇತ್ತು. ಒಂದು ಕನೆಕ್ಷನ್ನಿನಿಂದ ಬಂದವರನ್ನೆಲ್ಲ ಒಂದೇ ಸರ್ವರಿಗೆ ಅಂಟಿಸುವ ವ್ಯವಸ್ಥೆ ನಮ್ಮದು. ಆ ಅಂಗಡಿಯ ಅಷ್ಟೂ ಕಂಪ್ಯೂಟರುಗಳಿಗೆ ಇರುವುದು ಒಂದೇ ಕನೆಕ್ಷನ್. ಅಕ್ಕ ಫೋನ್ ಮಾಡಿ ಪುಟವೇ ಬರುತ್ತಿಲ್ಲ ಎಂದಾಗ ನೋಡಿದೆ, ಇಡೀ ಅಂಗಡಿ ನಾಲ್ಕನೆಯದಕ್ಕೇ ಅಂಟಿಕೊಂಡಿತ್ತು.

ಎದ್ದು ಹೊರಗೆ ಬನ್ನಿ, ಮೊಬೈಲಿನ ನೆಟ್‌ನಲ್ಲಿ ಹೊಸದಾಗಿ ತುಂಬಿಸಿ ಎಂದೆ. ಆಗಿನ್ನೂ ಸಾಕಷ್ಟು ಹೊತ್ತಿತ್ತು.

"ಬೆಳಗ್ಗೆಯಿಂದ ನಿಂತು ಸಿಕ್ಕಿರೋ ಜಾಗ ಕಣ್ಲಾ. ಎದ್ರೆ ಇನ್ನೊಬ್ರು ಕೂತ್ಕೋತಾರೆ. ತುಂಬ್ಸಿರೋದೂ ಓಗ್ತದೆ. ಅದೇನೈತೋ ನೀನೇ ಸರಿ ಮಾಡು," ಎಂದಳು.

ನಮ್ಮ ಜನವೇ ಹಾಗೆ. ಬಂಗಾರಪೇಟೆಯಲ್ಲಿ ರೈಲು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುತ್ತೇವೆ. ಹಿಡಿದ ಮೇಲೆ ತಲೆಯ ಮೇಲೆ ನೀರು ಸೋರಿದರೂ ಏಳುವುದಿಲ್ಲ. ನಾನೂ ಎಂದೂ ಎದ್ದವನಲ್ಲ.

ಸರಿ ಮಾಡುವುದೆಂದರೆ ನಾಲ್ಕನೆಯದನ್ನು ಸಾಲಿನಿಂದ ತೆಗೆಯಬೇಕು; ಆಗ ಬ್ಯಾಲೆನ್ಸರ್ ಜನರನ್ನು ಉಳಿದ ಐದಕ್ಕೆ ಕಳಿಸುತ್ತದೆ. ಕೊನೆಯ ದಿನ ಏನನ್ನೂ ಮುಟ್ಟಕೂಡದು ಎಂದು ಬೆಂಗಳೂರಿನ ಮೇಲಧಿಕಾರಿಯ ಅಪ್ಪಣೆ. ಕೇಳಿದೆ, ಮತ್ತೆ ಕೇಳಿದೆ, ಗೋಗರೆದೆ. ಮೀಟಿಂಗಿನಲ್ಲಿದ್ದಾರಂತೆ. ಅದೆಂಥ ಮೀಟಿಂಗೋ, ಅದರ ಮನೆ ಹಾಳಾಗ. ಒಂದು ಗುಂಡಿ ಒತ್ತುವ ಕೆಲಸ, ಒತ್ತಿದರೆ ನೌಕರಿ ಹೋಗುತ್ತದೆ. ಹೆದರಿ ಕೂತೆ. ನಡುನಡುವೆ ಅಕ್ಕ ಫೋನ್ ಮಾಡಿ, ಆಯ್ತಾ ಎಂದು ಕೇಳುತ್ತಿದ್ದಳು. ಇನ್ನೇನು ಆಯಿತು ಅನ್ನುತ್ತಿದ್ದೆ.

ಐದಕ್ಕೆ ಸ್ವಲ್ಪವೇ ಉಳಿದಿರುವಾಗ 'ತೆಗೆ' ಎಂದು ಮೇಲಧಿಕಾರಿಯ ಸಂದೇಶ ಬಂತು. ತೆಗೆದರೆ ಅದಕ್ಕೆ ಅಂಟಿದವರು ತುಂಬಿದ್ದೆಲ್ಲ ಅಳಿಸಿಹೋಗಿ ಮೊದಲಿನಿಂದ ಶುರು ಮಾಡಬೇಕು. ತೆಗೆಯದೆ ಬಿಟ್ಟರೆ ಅವರಿಗೆ ಅದೂ ಆಗುವುದಿಲ್ಲ. ತೆಗೆದೆ.

ಸೈಟು ನೀರು ಹರಿದ ಹಾಗೆ ಓಡತೊಡಗಿತು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ನನಗೆ ಚಪ್ಪಾಳೆಗಳು ಬಂದವು. ಅವನ್ನು ನೋಡುತ್ತಿರುವಾಗಲೇ ಅಕ್ಕನ ಫೋನ್ ಬಂತು. ಮಾತಾಡಿದ್ದು ಮಗಳು.

"ಮಾಮಾ, ಈಗ ಬೇಗ ಬತ್ತೈತೆ. ಏನ್ ಒತ್ತಿದ್ರೂ ತಕ್ಷಣ ಬತ್ತೈತೆ, ಅರ್ಜಿ ಹಾಕೋ ಟೈಮ್ ಮುಗೀತು ಅಂತ."