ಪಾಳುಬಸದಿಗೆ ಎರಡನೆಯ ಸಲ

ಸಾಗರದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಲಿಂಗನಮಕ್ಕಿಯ ನೀರು ನಿಂತ ಮೇಲೆ ಹಳೆಯ ದಾರಿಗಳೆಷ್ಟೋ ಮುಳುಗಿವೆ. ನಿಟ್ಟೂರಿಗೆ ಹೊಸನಗರ, ನಗರ ಎಂಬ ಊರುಗಳ ಮೇಲೆ ಸುತ್ತಿ ಹೋಗಬೇಕು. ಟಿಕೆಟ್ಟಿಗೆ ಎರಡು ರೂಪಾಯಿ ಚಿಲ್ಲರೆಯಾಯಿತು. ಮಾಗಿಯ ಚಳಿ. ನಗರದಲ್ಲಿ ತಣ್ಣಗಿನ ಇಡ್ಲಿ ತಿಂದೆ. ನಿಟ್ಟೂರಿನಲ್ಲಿ ಇಳಿದು ಮೂರು ಮೈಲಿ ನಡಿಗೆ. ಚೀಲದಲ್ಲಿ ಮಸಿ, ಬ್ರಶ್ಶು, ಶಾಸನದ ಅಚ್ಚು ತೆಗೆಯುವ ಕಾಗದ ಇದ್ದವು.

ಎರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ಬಂದು ಕಾಡಿನಂಚಿನ ಪಾಳುಬಸದಿಯ ಶಾಸನ ಓದಿದ್ದೆ. ಗೇಣಿ ರೈತ ತಿಮ್ಮಣ್ಣ ತೆಂಗಿನ ನಾರಿನಿಂದ ಕಲ್ಲು ಉಜ್ಜಿಕೊಟ್ಟಿದ್ದ. ಉಪವಾಸವಿದ್ದು ದೇಹ ಬಿಟ್ಟ ಮಗಳ ನೆನಪಿಗೆ ವರ್ತಕನೊಬ್ಬನ ಹೆಂಡತಿ ಈ ಬಸದಿ ಕಟ್ಟಿಸಿ, ನಂದಾದೀಪಕ್ಕೆಂದು ಹೊನ್ನು ಬಿಟ್ಟಿದ್ದಳು. ಏಳುನೂರು ವರ್ಷದ ಹಿಂದಿನ ಮಾತು. ಆಮೇಲೆ ಜೈನ ಕುಟುಂಬಗಳು ಊರು ಬಿಟ್ಟವು, ದೀಪ ಆರಿತು, ಮೂರ್ತಿಯನ್ನು ಯಾರೋ ಹೊತ್ತೊಯ್ದರು, ಪೌಳಿಯ ಕಲ್ಲುಗಳು ಕೆರೆಯ ಏರಿಗೆ ಹೋದವು. “ಆ ಹೊನ್ನು ಈಗ ಎಲ್ಲಿ ಮೇಷ್ಟ್ರೇ?” ಎಂದು ತಿಮ್ಮಣ್ಣ ಕೇಳಿದ್ದ. ನನ್ನದು ಹಾಳು ಬಾಯಿ. “ಇಲ್ಲೇ ಕಾಲ ಕೆಳಗೆ ಇರಬೇಕು, ಅಗೆದು ನೋಡು” ಎಂದು ನಕ್ಕಿದ್ದೆ.

ಈ ಸಲ ಹೋಗಿ ನೋಡಿದರೆ ಒಂದೇ ಗೋಡೆ ಉಳಿದಿತ್ತು, ಅದೂ ವಾಲಿತ್ತು. ಗರ್ಭಗುಡಿಯ ನೆಲದಲ್ಲಿ ಆಳುದ್ದದ ಗುಂಡಿ. ಶಾಸನದ ಕಲ್ಲು ಮಾತ್ರ ಹೊರಗೆ ಹಾಗೇ ನಿಂತಿತ್ತು. ತಿಮ್ಮಣ್ಣನ ಹೆಂಡತಿ ದ್ಯಾವಮ್ಮ ಸೊಪ್ಪಿನ ಹೊರೆ ಇಳಿಸಿ ಹತ್ತಿರ ಬಂದಳು. ಹಣೆ ಬರಿದಾಗಿತ್ತು.

“ನಮ್ಮವ್ರ ಮೇಲೆ ಚಾವಣಿ ಕಲ್ಲು ಬಿತ್ತು ಮೇಷ್ಟ್ರೇ. ಹೋದ ವರ್ಷ, ಗದ್ದೆ ಕೊಯ್ಲಿನ ಹೊತ್ತಿಗೆ. ನೀವು ಓದಿ ಹೇಳಿದ್ರಲ್ಲ, ಆವತ್ತಿಂದ ಅವ್ರಿಗೆ ಅದೇ ಧ್ಯಾನ ಆಗಿತ್ತು.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

“ಈಗ ಮೈದುನ ಅಗೀತಿದಾನೆ. ನಾನು ಹೇಳಿದ್ರೆ ಕೇಳಲ್ಲ. ಇನ್ನೊಂದ್ಸಲ ಓದಿ, ಬಂಗಾರ ಇಲ್ಲ ಅಂತ ಅವ್ನಿಗೆ ಹೇಳಿ ಹೋಗಿ.”

ಮೈದುನ ನಾಗಪ್ಪ ಪಿಕಾಸಿ ಹಿಡಿದು ಬಂದ. ನಾನು ಸಾಲುಸಾಲಾಗಿ ಓದಿದೆ. ಆ ಹೊನ್ನು ಎಂದೋ ದೀಪದ ಎಣ್ಣೆಯಾಗಿ ಉರಿದುಹೋಗಿದೆ, ಅವತ್ತು ಆಡಿದ್ದು ತಮಾಷೆ, ತಪ್ಪು ನನ್ನದು ಎಂದೆ. ಅವನು ಕೈಕಟ್ಟಿ ಕೇಳಿದ. ಆಮೇಲೆ ನನ್ನ ಚೀಲ ನೋಡಿದ.

“ಏನೂ ಇಲ್ದಿರೋ ಜಾಗಕ್ಕೆ ಸಾಗರದಿಂದ ಎರಡೆರಡು ಸಲ ಯಾಕೆ ಬಂದ್ರಿ ಮೇಷ್ಟ್ರೇ?”

ಚೀಲ ಹೆಗಲಿಗೇರಿಸಿದೆ. ಕಾಗದ ಬಿಚ್ಚದೆ ಹೊರಟೆ.

ತಿರುವಿನಲ್ಲಿ ಹಿಂದಿರುಗಿ ನೋಡಿದೆ. ದ್ಯಾವಮ್ಮ ಗುಂಡಿಗೆ ಇಳಿದು, ವಾಲಿದ ಗೋಡೆಯ ಬುಡದಲ್ಲೇ ಕೂತುಬಿಟ್ಟಿದ್ದಳು. ನಾಗಪ್ಪ ಪಿಕಾಸಿ ಹಿಡಿದು ಅಂಚಿನಲ್ಲಿ ನಿಂತು “ಮೇಲೆ ಬಾ ಅತ್ತಿಗೆ” ಎಂದು ಕೂಗುತ್ತಿದ್ದ. ಅವಳು ಅಲುಗಲಿಲ್ಲ. ಮೂರೂವರೆಯ ಬಸ್ಸು ತಪ್ಪಿದರೆ ಬೇರೆ ಇಲ್ಲವೆಂದು ನಾನು ಬೇಗಬೇಗ ನಡೆದೆ.